ಸೆಂಟ್ರಲ್ ವ್ಯಾಕ್ಯೂಮ್ ಬೇಕೇ, ಬೇಡವೇ: ಯಂತ್ರಕ್ಕಿಂತ ಮೊದಲು ಗೋಡೆಯನ್ನು ನೋಡಿ

ಕೆನಡಾದ ಮಿಸ್ಸಿಸಾಗದಲ್ಲಿರುವ ನನ್ನ ಅಕ್ಕನ ಅಡುಗೆಮನೆಯಲ್ಲಿ, ಸಿಂಕಿನ ಕೆಳಗಿನ ಕಪಾಟು ನೆಲಕ್ಕೆ ತಾಗುವ ಜಾಗದಲ್ಲಿ, ಒಂದು ಗೇಣು ಅಗಲದ ಸೀಳುಬಾಯಿ ಇದೆ. ಅಕ್ಕ ಕಸವನ್ನು ಪೊರಕೆಯಿಂದ ಅದರ ಮುಂದಕ್ಕೆ ಗುಡಿಸಿ, ಕಾಲ್ಬೆರಳಿನಿಂದ ಪುಟ್ಟ ಗುಂಡಿಯೊಂದನ್ನು ಪಕ್ಕಕ್ಕೆ ತಳ್ಳುತ್ತಾಳೆ. ಕೆಳಗಿನ ನೆಲಮಾಳಿಗೆಯಲ್ಲಿ ಮೋಟಾರು ಗುಂಯ್‌ಗುಡುತ್ತದೆ. ಈರುಳ್ಳಿ ಸಿಪ್ಪೆ, ಸಾಸಿವೆ ಕಾಳು, ಧೂಳು ಎಲ್ಲವೂ ಕ್ಷಣದಲ್ಲಿ ಒಳಗೆ ಹೋಗುತ್ತವೆ. ಮೊರ ಹಿಡಿದು ಬಗ್ಗುವ ಕೆಲಸವಿಲ್ಲ, ಯಂತ್ರವನ್ನು ಮೆಟ್ಟಿಲ ಮೇಲೆ ಎಳೆದಾಡುವ ಕೆಲಸವೂ ಇಲ್ಲ. ಸೆಂಟ್ರಲ್ ವ್ಯಾಕ್ಯೂಮ್ ಎನ್ನುವ ಈ ವ್ಯವಸ್ಥೆಯನ್ನು ನೋಡಿ ಊರಿಗೆ ಮರಳಿದವರು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮನೆ ಕಟ್ಟಿಸುವಾಗ ತಮಗೂ ಇದು ಬೇಕೆಂದು ಕೇಳುವುದು ಸಹಜ. ಅಲ್ಲಿಯೇ ಹಳೆಯ ಮನೆ ಕೊಳ್ಳುವ ಕನ್ನಡಿಗರ ಪ್ರಶ್ನೆ ಬೇರೆ: ಗೋಡೆಯಲ್ಲಿ ಈಗಾಗಲೇ ಇರುವ ಈ ಪೈಪುಗಳನ್ನು ಉಳಿಸಿಕೊಳ್ಳಬೇಕೇ, ಅಥವಾ ಬ್ಯಾಟರಿಯ ಕೈಯಂತ್ರ ಮತ್ತು ರೋಬೋಟುಗಳ ಕಾಲದಲ್ಲಿ ಇದನ್ನು ಮರೆತುಬಿಡಬೇಕೇ? ಈ ಎರಡೂ ಬಗೆಯ ಓದುಗರನ್ನು, ಜೊತೆಗೆ ಅಪಾರ್ಟ್‌ಮೆಂಟಿನಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆದಿದ್ದೇನೆ.

ವ್ಯವಸ್ಥೆಯ ರಚನೆ ಸರಳವಾಗಿದೆ. ಗ್ಯಾರೇಜಿನಲ್ಲೋ ಯುಟಿಲಿಟಿಯಲ್ಲೋ ಗೋಡೆಗೆ ತೂಗುಹಾಕಿದ ಒಂದು ದೊಡ್ಡ ಮೋಟಾರು ಮತ್ತು ಕಸದ ಡಬ್ಬ ಇರುತ್ತದೆ. ಅಲ್ಲಿಂದ ಎರಡು ಅಂಗುಲದ ತೆಳುಗೋಡೆಯ ಪಿವಿಸಿ ಪೈಪು ಗೋಡೆಗಳ ಒಳಗೆ ಹರಡಿಕೊಂಡು, ಮನೆಯ ಕೆಲವು ಆಯ್ದ ಜಾಗಗಳಲ್ಲಿ ಮುಚ್ಚಳವಿರುವ ಬಾಯಿಗಳಾಗಿ ತೆರೆದುಕೊಳ್ಳುತ್ತದೆ. ಸುಮಾರು 9 ಮೀಟರ್ ಉದ್ದದ ಹೋಸ್ ಪೈಪನ್ನು ಆ ಬಾಯಿಗೆ ಸಿಕ್ಕಿಸಿದರೆ, ಪೈಪಿನ ಜೊತೆಯಲ್ಲೇ ಬಂದಿರುವ 24 ವೋಲ್ಟಿನ ಸಣ್ಣ ತಂತಿಯ ಮೂಲಕ ಸಂದೇಶ ಹೋಗಿ ಮೋಟಾರು ಚಾಲೂ ಆಗುತ್ತದೆ. ಇದು ಹೊಸ ಆವಿಷ್ಕಾರವೂ ಅಲ್ಲ. ಕೈಯಲ್ಲಿ ಹಿಡಿಯುವ ವ್ಯಾಕ್ಯೂಮ್ ಕ್ಲೀನರಿಗಿಂತ ಹಳೆಯ ಕಲ್ಪನೆ. ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಮಾಡಿದ ಯಂತ್ರ ಕುದುರೆಗಾಡಿಯ ಮೇಲೆ ಬೀದಿಯಲ್ಲಿ ನಿಲ್ಲುತ್ತಿತ್ತು, ಉದ್ದನೆಯ ಹೋಸುಗಳು ಮಾತ್ರ ಕಿಟಕಿಯಿಂದ ಮನೆಯೊಳಗೆ ಹೋಗುತ್ತಿದ್ದವು. ಅಮೆರಿಕದಲ್ಲಿ ಡೇವಿಡ್ ಕೆನ್ನಿ 1902ರಲ್ಲಿ ಪಿಟ್ಸ್‌ಬರ್ಗಿನ ಫ್ರಿಕ್ ಕಟ್ಟಡದಲ್ಲಿ ಹಬೆಯಂತ್ರದಿಂದ ನಡೆಯುವ ಸ್ಥಿರ ವ್ಯವಸ್ಥೆಯನ್ನು ಕೂರಿಸಿ, ಅದರ ಪೈಪುಗಳನ್ನು ಕಟ್ಟಡದ ಮಹಡಿಗಳಿಗೆ ಒಯ್ದನು. ಮೋಟಾರು ಚಿಕ್ಕದಾದ ಮೇಲೆಯೇ ಯಂತ್ರ ಮನುಷ್ಯನ ಹಿಂದೆ ಚಕ್ರದ ಮೇಲೆ ಓಡಾಡತೊಡಗಿದ್ದು.

ಹಾಗಿದ್ದರೂ ಸೆಂಟ್ರಲ್ ವ್ಯಾಕ್ಯೂಮ್ ಅಮೆರಿಕ ಮತ್ತು ಕೆನಡಾದಲ್ಲಿ ಬೇರೂರಿದಂತೆ ನಮ್ಮಲ್ಲಿ ಬೇರೂರಲಿಲ್ಲ. ದುಡ್ಡಿನ ಕಾರಣವನ್ನು ಎಲ್ಲರೂ ಹೇಳುತ್ತಾರೆ. ನನಗೆ ಗೋಡೆಯ ಕಾರಣವೇ ದೊಡ್ಡದೆಂದು ತೋರುತ್ತದೆ. ಅಲ್ಲಿನ ಮನೆಗಳ ಗೋಡೆ ಎಂದರೆ ಮರದ ಚೌಕಟ್ಟಿನ ಎರಡೂ ಬದಿಗೆ ಜಿಪ್ಸಮ್ ಹಲಗೆ ಹೊಡೆದದ್ದು. ಎರಡು ಹಲಗೆಗಳ ನಡುವೆ ಮೂರೂವರೆ ಅಂಗುಲದ ಟೊಳ್ಳು ಇರುತ್ತದೆ, ಎರಡು ಅಂಗುಲದ ಪೈಪು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಕೆಳಗೆ ನೆಲಮಾಳಿಗೆ, ಮೇಲೆ ಅಟ್ಟ ಇರುವುದರಿಂದ ಅಡ್ಡಡ್ಡ ಓಡಬೇಕಾದ ಪೈಪಿಗೂ ದಾರಿ ಸಿದ್ಧವಾಗಿಯೇ ಇರುತ್ತದೆ. ನಮ್ಮ ಗೋಡೆ ಹಾಗಲ್ಲ. ನಾಲ್ಕು ಅಂಗುಲದ ಅಥವಾ ಆರು ಅಂಗುಲದ ಗಟ್ಟಿ ಕಾಂಕ್ರೀಟ್ ಬ್ಲಾಕಿನಲ್ಲಿ ಎರಡಂಗುಲದ ಪೈಪನ್ನು ಹೂಳಬೇಕಾದರೆ ಗೋಡೆಯನ್ನು ಕೊರೆಯಬೇಕು. ಲಂಬವಾಗಿ ಕೊರೆಯುವಾಗ ಗೋಡೆಯ ದಪ್ಪದ ಮೂರನೆಯ ಒಂದು ಭಾಗವನ್ನೂ, ಅಡ್ಡವಾಗಿ ಕೊರೆಯುವಾಗ ಆರನೆಯ ಒಂದು ಭಾಗವನ್ನೂ ಮೀರಬಾರದೆಂಬುದು ಇಟ್ಟಿಗೆ ಕೆಲಸದ ನಿಯಮ. ಹಾಗಾಗಿ ಆರಂಗುಲದ ಗೋಡೆಯಲ್ಲಿ ಪೈಪು ಮೇಲಿಂದ ಕೆಳಕ್ಕೆ ಕಷ್ಟಪಟ್ಟು ಇಳಿಯಬಹುದು, ಅಡ್ಡ ಓಡಲು ಬರುವುದಿಲ್ಲ. ನಾಲ್ಕಂಗುಲದ ಗೋಡೆಯಲ್ಲಿ ಎರಡೂ ಆಗದು. ಯಾವ ಯಂತ್ರ ಒಳ್ಳೆಯದು ಎಂದು ಅಂಗಡಿಯಲ್ಲಿ ವಿಚಾರಿಸುವ ಮೊದಲು ನಿಮ್ಮ ಗೋಡೆ ಯಾವುದೆಂದು ನೋಡಿಕೊಳ್ಳಬೇಕೆಂದು ನಾನು ಪಟ್ಟು ಹಿಡಿದು ಹೇಳುವುದು ಇದಕ್ಕಾಗಿಯೇ.

ನಾಲ್ಕು ಯಂತ್ರಗಳು, ನಾಲ್ಕು ಸ್ವಭಾವಗಳು

ಇಂದು ಕೊಳ್ಳುವವನ ಮುಂದೆ ನಾಲ್ಕು ದಾರಿಗಳಿವೆ: ತಂತಿಯುಳ್ಳ, ಚಕ್ರದ ಮೇಲೆ ಎಳೆದಾಡುವ ಮಾಮೂಲಿ ಯಂತ್ರ; ಬ್ಯಾಟರಿಯ ಕೋಲುಯಂತ್ರ; ರೋಬೋಟ್; ಮತ್ತು ಸೆಂಟ್ರಲ್ ವ್ಯವಸ್ಥೆ. ಮೊದಲನೆಯದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಗ್ಗವಾಗಿ ಸಿಗುತ್ತದೆ, ಊರಿನ ಯಾವ ಮೋಟಾರು ರಿಪೇರಿಯವರೂ ಬಿಚ್ಚಿ ನೋಡಬಲ್ಲರು, ವರ್ಷಗಟ್ಟಲೆ ಬಾಳುತ್ತದೆ. ಸದ್ದು ಹೆಚ್ಚು, ಫಿಲ್ಟರ್ ಕಳಪೆಯಾಗಿದ್ದರೆ ಹಿಂದಿನಿಂದ ಸಣ್ಣ ಧೂಳನ್ನು ಮತ್ತೆ ಕೋಣೆಗೇ ಬಿಡುತ್ತದೆ ಎಂಬುದು ಅದರ ದೋಷ.

ಬ್ಯಾಟರಿಯ ಕೋಲುಯಂತ್ರ ಕೈಗೆ ಸಿಗುವ ಸುಲಭದಿಂದ ಗೆದ್ದಿದೆ. ಗೋಡೆಯ ಮೊಳೆಯಿಂದ ತೆಗೆದು ಎರಡು ನಿಮಿಷ ಓಡಿಸಿ ಮತ್ತೆ ತೂಗುಹಾಕಬಹುದು. ಕರೆಂಟು ಹೋದಾಗಲೂ ನಡೆಯುತ್ತದೆ. ಆದರೆ ಗರಿಷ್ಠ ಬಲದಲ್ಲಿ ಓಡಿಸಿದರೆ ಬ್ಯಾಟರಿ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ, ಕೆಲವು ವರ್ಷಗಳಲ್ಲಿ ಬ್ಯಾಟರಿಯನ್ನೇ ಬದಲಿಸಬೇಕಾಗುತ್ತದೆ, ಆ ಹೊತ್ತಿಗೆ ಅದೇ ಮಾದರಿಯ ಬ್ಯಾಟರಿ ಸಿಗುವುದೆಂಬ ಖಾತರಿ ಇರುವುದಿಲ್ಲ. ರೋಬೋಟ್ ನಾವು ಮನೆಯಲ್ಲಿಲ್ಲದಾಗ ದಿನವೂ ತೆಳುಧೂಳನ್ನು ತೆಗೆಯುತ್ತದೆ, ಈಗಿನವು ನೆಲವನ್ನೂ ಒರೆಸುತ್ತವೆ. ನಮ್ಮ ಗ್ರಾನೈಟ್, ಟೈಲ್ಸ್ ನೆಲಕ್ಕೆ ಅದು ಹೊಂದುತ್ತದೆ ಎಂಬುದನ್ನು ಒಪ್ಪಲೇಬೇಕು. ಅದರ ಮಿತಿ ಹೊಸ್ತಿಲು. ಸಾಮಾನ್ಯ ರೋಬೋಟುಗಳು ಎರಡು ಸೆಂಟಿಮೀಟರಿನಷ್ಟು ಎತ್ತರವನ್ನು ಹತ್ತುತ್ತವೆ. ಪೂಜೆಗೊಳ್ಳುವ ಮರದ ಹೊಸ್ತಿಲು ಅದಕ್ಕೆ ಬೆಟ್ಟ, ಮೆಟ್ಟಿಲು ಪ್ರಪಾತ. ಬಾಗಿಲ ಬಳಿಯ ರಂಗೋಲಿಯನ್ನೂ ಕಸವೆಂದೇ ಅದು ಗುಡಿಸಿ ಹಾಕುತ್ತದೆ. ಇನ್ನೊಂದು ಚಿಂತೆಯೂ ಇದೆ. ರೋಬೋಟಿನ ಬುದ್ಧಿಯ ಒಂದು ಪಾಲು ಕಂಪನಿಯ ದೂರದ ಸರ್ವರಿನಲ್ಲಿರುತ್ತದೆ. ನಿಯಾಟೊ ಎಂಬ ರೋಬೋಟ್ ಕಂಪನಿಯನ್ನು ಅದರ ಒಡೆಯರು 2023ರಲ್ಲಿ ಮುಚ್ಚುವುದಾಗಿ ಘೋಷಿಸಿದಾಗ, ಚೆನ್ನಾಗಿ ಓಡುತ್ತಿದ್ದ ಯಂತ್ರಗಳನ್ನು ಇಟ್ಟುಕೊಂಡವರು ಮುಂದೇನೆಂದು ಯೋಚಿಸಬೇಕಾಯಿತು.

ಸೆಂಟ್ರಲ್ ವ್ಯವಸ್ಥೆಯ ಬಲ ಮೂರು ಕಡೆ ನಿಜವಾಗಿಯೂ ಹಿರಿದು. ಮೋಟಾರನ್ನು ಕೈಯಲ್ಲಿ ಹೊರಬೇಕಾಗಿಲ್ಲವಾದ್ದರಿಂದ ಅದು ದೊಡ್ಡದಾಗಿರಬಹುದು: ಮನೆಬಳಕೆಯ ಸೆಂಟ್ರಲ್ ಯಂತ್ರಗಳು ಸಾಮಾನ್ಯವಾಗಿ ಹೀರುವ ಬಲದ ಅಳತೆಯಲ್ಲಿ 500ರಿಂದ 700 ಏರ್‌ವಾಟ್ ಎಂದು ಘೋಷಿಸಿಕೊಳ್ಳುತ್ತವೆ, ಕೋಲುಯಂತ್ರಗಳು ಗರಿಷ್ಠದಲ್ಲಿ ನೂರರಿಂದ ಇನ್ನೂರೈವತ್ತರ ನಡುವೆ ಇರುತ್ತವೆ. ಈ ಅಂಕಿಯನ್ನು ಹಾಗೆಯೇ ನಂಬಬಾರದು, ಏಕೆಂದರೆ ಅದನ್ನು ಯಂತ್ರದ ಬಾಯಲ್ಲಿ ಅಳೆದಿರುತ್ತಾರೆ. ಉದ್ದನೆಯ ಪೈಪು, ತಿರುವುಗಳು, ಹೋಸ್ ದಾಟಿ ನಿಮ್ಮ ಕೈಗೆ ಬರುವಾಗ ಅದು ಕಡಿಮೆಯಾಗಿರುತ್ತದೆ. ಎರಡನೆಯದು ಸದ್ದು: ಕೋಣೆಯಲ್ಲಿ ಗಾಳಿಯ ಸುಂಯ್‌ಕಾರ ಮಾತ್ರ ಇರುತ್ತದೆ, ಮಗು ಮಲಗಿರುವಾಗಲೂ ಪಕ್ಕದ ಕೋಣೆಯನ್ನು ಶುಚಿ ಮಾಡಬಹುದು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಹೀರಿದ ಗಾಳಿಯನ್ನು ಮನೆಯ ಹೊರಗೇ ಬಿಡುವ ಅನುಕೂಲ ಇದಕ್ಕಿದೆ. ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ 0.3 ಮೈಕ್ರಾನಿನ ಕಣಗಳಲ್ಲಿ ಶೇಕಡ 99.97ರಷ್ಟನ್ನು ತಡೆಯಬೇಕೆಂಬುದು ಅಮೆರಿಕದ ಮಾನದಂಡ. ಆದರೆ ಫಿಲ್ಟರಿನ ಸುತ್ತಲಿನ ರಬ್ಬರು ಸಡಿಲಾದರೆ ಆ ಅಂಕಿಗೆ ಅರ್ಥವಿಲ್ಲ. ಹೊರಗೆ ಹೋದ ಗಾಳಿಗೆ ಇಂಥ ಚಿಂತೆಯೇ ಇಲ್ಲ. ಮನೆಯಲ್ಲಿ ಧೂಳಿನ ಅಲರ್ಜಿ ಅಥವಾ ಅಸ್ತಮಾ ಇರುವವರಿದ್ದರೆ ಹಾಸಿಗೆ, ಸೋಫಾ, ಪರದೆ, ಪುಸ್ತಕದ ಕಪಾಟುಗಳ ಧೂಳು ತೆಗೆಯಲು ಇದಕ್ಕೆ ಸರಿಸಾಟಿಯಾದದ್ದನ್ನು ನಾನು ಕಂಡಿಲ್ಲ. ಅಂಥವರು ಡಬ್ಬಕ್ಕೆ ನೇರವಾಗಿ ಕಸ ಬೀಳುವ ಮಾದರಿಗಿಂತ ಚೀಲ ಹಾಕುವ ಮಾದರಿಯನ್ನು ಆರಿಸಿಕೊಳ್ಳಲಿ. ಕೆಲವು ತಿಂಗಳಿಗೊಮ್ಮೆ ಡಬ್ಬ ಸುರಿಯುವಾಗ ಏಳುವ ಧೂಳೇ ಎಲ್ಲ ಶ್ರಮವನ್ನೂ ಹಾಳುಮಾಡುತ್ತದೆ.

ದೋಷಗಳನ್ನೂ ಮುಚ್ಚಿಡಬಾರದು. ಒಂಬತ್ತು ಮೀಟರಿನ ಹೋಸ್ ಭಾರವಾಗಿರುತ್ತದೆ, ಅದನ್ನು ಇಡಲು ಜಾಗ ಬೇಕು. ಗೋಡೆಯೊಳಗೇ ಹೋಸ್ ಹಿಂದಕ್ಕೆ ಸೇರಿಕೊಳ್ಳುವ ವ್ಯವಸ್ಥೆ ಬಂದಿದೆ, ಆದರೆ ಅದಕ್ಕೆ ತಿರುವುಗಳು ಇನ್ನೂ ವಿಶಾಲವಾಗಿರಬೇಕು. ಸಾಮಾನ್ಯ ಮಾದರಿಗಳಲ್ಲಿ ನೀರನ್ನು ಹೀರುವಂತಿಲ್ಲ. ಗುಡಿಸಿದ ಮೇಲೆ ಒರೆಸುವ ನಮ್ಮ ಪದ್ಧತಿಯ ಅರ್ಧ ಕೆಲಸ ಹಾಗೆಯೇ ಉಳಿಯುತ್ತದೆ. ಸಾವಿರದೈನೂರು ವಾಟಿನ ಸುಮಾರಿನ ಮೋಟಾರು ಮನೆಯ ಸಣ್ಣ ಇನ್ವರ್ಟರಿನ ಮೇಲೆ ಓಡುವುದೂ ಇಲ್ಲ.

ಸ್ವಂತ ಮನೆ ಕಟ್ಟಿಸುತ್ತಿರುವವರಿಗೆ

ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನಲ್ಲಿ ಎರಡೋ ಮೂರೋ ಮಹಡಿ ಎಬ್ಬಿಸುವವರಿಗೆ ಸೆಂಟ್ರಲ್ ವ್ಯವಸ್ಥೆಯ ಲೆಕ್ಕ ಅಂದುಕೊಂಡಷ್ಟು ದೊಡ್ಡದಲ್ಲ. ಒಂದು ಬಾಯಿಂದ ಸುಮಾರು 600 ಚದರ ಅಡಿಯನ್ನು ಮುಟ್ಟಬಹುದು. ಹಾಗಾಗಿ ಮಹಡಿಗೆ ಒಂದು, ಹೆಚ್ಚೆಂದರೆ ಎರಡು ಬಾಯಿ ಸಾಕು. ಈ ಬಾಯಿಗಳು ಮಹಡಿಯ ಮೇಲೆ ಮಹಡಿಯಂತೆ ಒಂದೇ ನೇರದಲ್ಲಿ, ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಬರುವಂತೆ ನೋಡಿಕೊಂಡರೆ ಪೈಪು ನೇರ ಲಂಬವಾಗಿ ಇಳಿಯುತ್ತದೆ, ಅಡ್ಡ ಕೊರೆಯುವ ಪ್ರಮೇಯ ಬರುವುದಿಲ್ಲ. ಅಡ್ಡ ಹೋಗಲೇಬೇಕಾದ ಕಡೆ ಫಾಲ್ಸ್ ಸೀಲಿಂಗ್ ಅಥವಾ ವಾರ್ಡ್‌ರೋಬಿನ ಹಿಂಬದಿಯನ್ನು ಬಳಸಿಕೊಳ್ಳಬಹುದು.

ಬಾಯಿ ಎಲ್ಲಿರಬೇಕೆಂದು ನಕ್ಷೆಯ ಮೇಲೆ ವೃತ್ತ ಎಳೆದು ತೀರ್ಮಾನಿಸಬೇಡಿ. ಒಂಬತ್ತು ಮೀಟರ್ ಹಗ್ಗ ತೆಗೆದುಕೊಂಡು, ಕಟ್ಟುತ್ತಿರುವ ಮನೆಯಲ್ಲೇ ಒಂದು ತುದಿಯನ್ನು ಬಾಯಿಯ ಜಾಗದಲ್ಲಿ ಹಿಡಿಸಿ, ಇನ್ನೊಂದು ತುದಿಯನ್ನು ಹಿಡಿದು ಪ್ರತಿ ಕೋಣೆಯ ಪ್ರತಿ ಮೂಲೆಗೂ ನಡೆದು ನೋಡಿ. ಮಂಚ ಬರುವ ಜಾಗವನ್ನು, ಊಟದ ಮೇಜು ಬರುವ ಜಾಗವನ್ನು ಸುತ್ತಿಕೊಂಡೇ ಹೋಗಬೇಕು. ಫ್ಯಾನಿನ ರೆಕ್ಕೆಯ ಮೇಲೂ ಸೂರಿನ ಜೇಡರ ಬಲೆಗೂ ಕೈ ಎತ್ತುವಷ್ಟು ಹಗ್ಗ ಉಳಿದರೆ ಆ ಜಾಗ ಸರಿ.

ಪೈಪಿನ ಕೆಲಸದಲ್ಲಿ ನಮ್ಮ ಕಡೆ ಆಗುವ ತಪ್ಪು ಒಂದೇ, ಆದರೆ ದುಬಾರಿ. ಮೈಸೂರಿನಲ್ಲಿ ನಮ್ಮ ಬಂಧುಗಳ ಮನೆಗೆ ಕೆಲಸ ಮಾಡಿದ ಪ್ಲಂಬರ್ ಒಬ್ಬರು, ಪೈಪು ಪೈಪೇ ಅಲ್ಲವೇ ಎಂದು, ನೀರು ಹೋಗುವ ಪೈಪಿನ ಗಿಡ್ಡ ಎಲ್ಬೋಗಳನ್ನೇ ಎಲ್ಲ ತಿರುವಿಗೂ ಹಾಕಿದ್ದರು. ಮೂರು ತಿಂಗಳಲ್ಲಿ ಮೇಲಿನ ಮಹಡಿಯ ಎಳೆತ ನಿಂತುಹೋಯಿತು. ತೆರೆದು ನೋಡಿದಾಗ ಕಡ್ಡಿಪೊರಕೆಯ ಬೆರಳುದ್ದದ ಒಂದು ತೆಂಗಿನ ಕಡ್ಡಿ ತಿರುವಿನಲ್ಲಿ ಅಡ್ಡ ನಿಂತು, ಅದಕ್ಕೆ ಕೂದಲು ಸುತ್ತಿಕೊಂಡು, ಅದರ ಮೇಲೆ ಧೂಳು ಹತ್ತಿಯ ಉಂಡೆಯಂತೆ ಕಟ್ಟಿತ್ತು. ಅದನ್ನು ತೆಗೆಯಲು ಬಣ್ಣ ಹೊಡೆದ ಗೋಡೆಯನ್ನು ಒಡೆಯಬೇಕಾಯಿತು. ಸರಿಯಾದ ಕ್ರಮ ಇದಕ್ಕೆ ತಿರುಗುಮುರುಗು: ಗೋಡೆಯೊಳಗಿನ ತಿರುವುಗಳೆಲ್ಲ ವಿಶಾಲವಾಗಿ ಬಾಗಿರಬೇಕು, ಗಿಡ್ಡ ತಿರುವು ಬಾಯಿಯ ಹಿಂದೆಯೇ ಒಂದೇ ಒಂದು ಇರಬೇಕು. ಉದ್ದನೆಯ ವಸ್ತು ಏನೇ ಬಂದರೂ ಆ ಮೊದಲ ತಿರುವಿನಲ್ಲೇ, ಕೈಗೆ ಸಿಗುವಂತೆ, ಸಿಕ್ಕಿಕೊಳ್ಳುತ್ತದೆ; ಅದನ್ನು ದಾಟಿದ್ದು ಮುಂದೆ ಎಲ್ಲಿಯೂ ನಿಲ್ಲುವುದಿಲ್ಲ. ಪೈಪನ್ನು ಕತ್ತರಿಸಿದ ಅಂಚಿನ ಜೂಲನ್ನು ಚಾಕುವಿನಿಂದ ಕೆರೆದು ನಯ ಮಾಡಬೇಕು. ಅಂಟನ್ನು ಪೈಪಿನ ಹೊರಮೈಗೆ ಮಾತ್ರ ಹಚ್ಚಬೇಕು, ಫಿಟ್ಟಿಂಗಿನ ಒಳಗೆ ಹಚ್ಚಿದರೆ ಅದು ಒಳಕ್ಕೆ ಉಕ್ಕಿ ಗಂಟುಗಟ್ಟಿ ಕೂದಲನ್ನು ಹಿಡಿಯುತ್ತದೆ. ನಮ್ಮ ಅಂಗಡಿಯಲ್ಲಿ ಸಿಗುವ 50 ಮಿಲಿಮೀಟರಿನ ಪೈಪು ಅಮೆರಿಕದ ಅಳತೆಯ 50.8 ಮಿಲಿಮೀಟರಿನ ಫಿಟ್ಟಿಂಗಿನಲ್ಲಿ ಸಡಿಲಾಗಿ ಕೂರುತ್ತದೆ, ಗಾಳಿ ಸೋರುತ್ತದೆ. ಆದ್ದರಿಂದ ಪೈಪು, ಫಿಟ್ಟಿಂಗು, ಬಾಯಿ ಮೂರನ್ನೂ ಒಂದೇ ಅಳತೆಯ ಪದ್ಧತಿಯಿಂದ ತರಿಸಬೇಕು. ಅಮೆರಿಕದಿಂದ ಬರುವವರು 120 ವೋಲ್ಟಿನ ಯಂತ್ರವನ್ನು ಹೊತ್ತು ತರುವುದೂ ಬೇಡ. ಇಲ್ಲಿನ 230 ವೋಲ್ಟಿನ, 16 ಆಂಪಿಯರ್ ಸಾಕೆಟ್ಟಿಗೆ ಹೊಂದುವುದನ್ನೇ ಕೊಳ್ಳಿ, ಕೊಳ್ಳುವ ಮೊದಲು ಅದರ ಮೋಟಾರಿನೊಳಗೆ ಸವೆಯುವ ಕಾರ್ಬನ್ ಬ್ರಷ್ ಬದಲಿಸಬಲ್ಲವರು ನಿಮ್ಮ ಊರಿನಲ್ಲಿದ್ದಾರೆಯೇ ವಿಚಾರಿಸಿ.

ಇನ್ನೂ ನಿರ್ಧಾರವಾಗದಿದ್ದರೆ ನಡುವಿನ ದಾರಿಯೊಂದಿದೆ, ಅದೇ ನನ್ನ ಮೊದಲ ಸಲಹೆ ಕೂಡ. ಈಗ ಪೈಪು ಮತ್ತು ತಂತಿಯನ್ನು ಮಾತ್ರ ಹಾಕಿಸಿ, ಬಾಯಿಗಳಿಗೆ ಖಾಲಿ ಫಲಕ ಮುಚ್ಚಿ, ಯಂತ್ರವನ್ನು ಬೇಕೆನಿಸಿದ ವರ್ಷ ಕೊಳ್ಳಿ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಮನೆ ಮಾರಾಟದ ವಿವರಗಳಲ್ಲಿ ಹೀಗೆ ಪೈಪು ಮಾತ್ರ ಸಿದ್ಧವಿರುವ ಮನೆಗಳು ಬೇಕಾದಷ್ಟು ಕಾಣಸಿಗುತ್ತವೆ. ಮನೆಯಷ್ಟೇ ಕಾಲ ಬಾಳುವುದು ಪೈಪು. ಯಂತ್ರ ಹದಿನೈದಿಪ್ಪತ್ತು ವರ್ಷಕ್ಕೆ ಬದಲಾಗುತ್ತದೆ, ಆಗ ಯಾರ ಯಂತ್ರವನ್ನಾದರೂ ಅದೇ ಪೈಪಿಗೆ ಜೋಡಿಸಬಹುದು.

ಅಪಾರ್ಟ್‌ಮೆಂಟಿನಲ್ಲಿ

ಇಲ್ಲಿ ಎರಡು ಬಗೆಯ ವ್ಯವಸ್ಥೆಗಳನ್ನು ಬಿಡಿಸಿ ನೋಡಬೇಕು. ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ದೊಡ್ಡ ಯಂತ್ರವಿಟ್ಟು ಎಲ್ಲ ಫ್ಲಾಟುಗಳಿಗೂ ಪೈಪು ಒಯ್ಯುವುದು ಒಂದು. ಪ್ರತಿ ಫ್ಲಾಟಿನ ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ನಿನ ಮೇಲಿನ ಜಾಗದಲ್ಲಿ, ಅದರದೇ ಪುಟ್ಟ ಯಂತ್ರವಿರುವುದು ಇನ್ನೊಂದು. ಹೋಟೆಲು, ಆಸ್ಪತ್ರೆಗಳಲ್ಲಿ ಮೊದಲನೆಯದು ಸರಿ, ಏಕೆಂದರೆ ಅಲ್ಲಿ ಒಡೆತನ ಒಂದೇ, ಶುಚಿ ಮಾಡುವ ಸಿಬ್ಬಂದಿಯೂ ಒಬ್ಬರದೇ. ಜನ ವಾಸಿಸುವ ಕಟ್ಟಡದಲ್ಲಿ ಅದನ್ನು ನಾನು ಯಾರಿಗೂ ಸೂಚಿಸಲಾರೆ. ಮೂರನೇ ಮಹಡಿಯವರ ಮಗು ಬಾಯಿಗೆ ತುರುಕಿದ ಕಾಲುಚೀಲ ಏಳನೇ ಮಹಡಿಯವರ ಎಳೆತವನ್ನು ನಿಲ್ಲಿಸುತ್ತದೆ. ಪೈಪು ಯಾರದು, ತೆಗೆಸುವ ಖರ್ಚು ಯಾರದು, ವಿದ್ಯುತ್ ಬಿಲ್ಲನ್ನು ಹೇಗೆ ಹಂಚಬೇಕು ಎಂಬ ತಕರಾರಿಗೆ ಸಂಘದ ಸಭೆಗಳು ಸಾಲುವುದಿಲ್ಲ. ಅದಕ್ಕಿಂತ ಗಂಭೀರವಾದದ್ದು ಬೆಂಕಿಯ ವಿಷಯ. ಮಹಡಿಯಿಂದ ಮಹಡಿಗೆ ಸ್ಲ್ಯಾಬನ್ನು ತೂರಿಹೋಗುವ ಪಿವಿಸಿ ಪೈಪು ಬೆಂಕಿಯಲ್ಲಿ ಕರಗಿದರೆ ಅಲ್ಲಿ ಉಳಿಯುವ ತೂತು ಹೊಗೆಗೆ ನೇರ ದಾರಿಯಾಗುತ್ತದೆ. ಇಂಥ ತೂತುಗಳನ್ನು ಬೆಂಕಿ ದಾಟದಂತೆ ಮುಚ್ಚಬೇಕೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಅದಕ್ಕೆಂದೇ, ಬಿಸಿ ತಾಗಿದಾಗ ಉಬ್ಬಿ ಪೈಪನ್ನು ಹಿಸುಕಿ ಮುಚ್ಚುವ ಕಾಲರುಗಳು ಬರುತ್ತವೆ. ಬಿಲ್ಡರ್ ಸೆಂಟ್ರಲ್ ವ್ಯಾಕ್ಯೂಮ್ ಇದೆಯೆಂದು ಹೆಮ್ಮೆಯಿಂದ ತೋರಿಸಿದರೆ, ಪೈಪುಗಳು ಮಹಡಿಯಿಂದ ಮಹಡಿಗೆ ಹೋಗುವ ಶಾಫ್ಟಿನ ಬಾಗಿಲು ತೆರೆಸಿ ಆ ಕಾಲರು ಇದೆಯೇ ಎಂದು ನೋಡಿ.

ಫ್ಲಾಟಿಗೊಂದು ಯಂತ್ರವಿರುವ ಎರಡನೆಯ ಬಗೆ ಹೊಸ ಕಟ್ಟಡದಲ್ಲಿ ನಕ್ಷೆಯ ಹಂತದಲ್ಲೇ ಸೇರಿದ್ದರೆ ಚೆನ್ನಾಗಿಯೇ ನಡೆಯುತ್ತದೆ. ಎದ್ದು ನಿಂತ ಕಟ್ಟಡದಲ್ಲಿ ಅದನ್ನು ಸೇರಿಸುವ ಮಾತು ಬೇರೆ. ಬೆಂಗಳೂರಿನ ಈಚಿನ ಎತ್ತರದ ಕಟ್ಟಡಗಳಲ್ಲಿ ಅನೇಕವು ಮಿವಾನ್ ಎಂದು ಕರೆಯುವ ಅಲ್ಯೂಮಿನಿಯಮ್ ಅಚ್ಚಿನ ಪದ್ಧತಿಯವು. ಅಲ್ಲಿ ಕೋಣೆಯ ಗೋಡೆಗಳೇ ಕಬ್ಬಿಣ ತುಂಬಿದ ಕಾಂಕ್ರೀಟು, ಅವೇ ಕಟ್ಟಡವನ್ನು ಹೊತ್ತಿರುತ್ತವೆ. ಅಂಥ ಗೋಡೆಯನ್ನು ಎರಡಂಗುಲ ಕೊರೆಯುವುದೆಂದರೆ ನೆರೆಯವರ ಸುರಕ್ಷತೆಗೇ ಕೈಹಾಕಿದಂತೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯೂ ಕಂಬ, ತೊಲೆ, ಮುಖ್ಯ ಗೋಡೆಗಳನ್ನು ಎಲ್ಲರ ಸಾಮಾನ್ಯ ಭಾಗಗಳೆಂದೇ ಪರಿಗಣಿಸುತ್ತದೆ. ಈಗಾಗಲೇ ಫ್ಲಾಟಿನಲ್ಲಿ ವಾಸವಾಗಿರುವವರು ಈ ಆಸೆಯನ್ನು ಬಿಟ್ಟು, ಒಳ್ಳೆಯ ಫಿಲ್ಟರಿರುವ ಮಾಮೂಲಿ ಯಂತ್ರವೊಂದನ್ನು ಹಾಸಿಗೆ ಸೋಫಾಗಳಿಗೆ ಇಟ್ಟುಕೊಂಡು, ನೆಲಕ್ಕೆ ರೋಬೋಟನ್ನೋ ಕೆಲಸದವರ ಪೊರಕೆಯನ್ನೋ ನೆಚ್ಚಿಕೊಳ್ಳುವುದು ಸರಿಯಾದ ಆಯ್ಕೆ. ಎರಡು ಮೂರು ಮಲಗುವ ಕೋಣೆಯ ಫ್ಲಾಟಿನಲ್ಲಿ ಮೆಟ್ಟಿಲಿಲ್ಲ, ದೂರವೂ ಇಲ್ಲ; ಸೆಂಟ್ರಲ್ ವ್ಯವಸ್ಥೆ ಉಳಿಸುವ ಶ್ರಮವೇ ಅಲ್ಲಿ ಕಡಿಮೆ.

ಹಳೆಯ ವ್ಯವಸ್ಥೆಯಿರುವ ಮನೆ ಕೊಳ್ಳುವಾಗ

ಟೊರಾಂಟೊ ಸುತ್ತಮುತ್ತ ಮನೆ ನೋಡುತ್ತಿರುವವರು ಈ ಪೈಪುಗಳನ್ನು ಕೆಲಸಕ್ಕೆ ಬಾರದ್ದೆಂದು ತಳ್ಳಿಹಾಕಬಾರದು, ಪರೀಕ್ಷಿಸದೆ ನಂಬಲೂಬಾರದು. ಬಾಯಿಯ ಮುಚ್ಚಳ ಎತ್ತಿದರೆ ಒಳಗೆ ಎರಡು ಸಣ್ಣ ಲೋಹದ ತುದಿಗಳು ಕಾಣುತ್ತವೆ. ಕಾಗದದ ಕ್ಲಿಪ್ಪಿನಿಂದ ಎರಡನ್ನೂ ಒಟ್ಟಿಗೆ ಮುಟ್ಟಿಸಿದರೆ ಮೋಟಾರು ಚಾಲೂ ಆಗಬೇಕು. ಆದರೆ ಕೆಲವು ಬಾಯಿಗಳಲ್ಲಿ ವಿದ್ಯುತ್ ಬ್ರಷ್ಷಿಗಾಗಿ 120 ವೋಲ್ಟಿನ ತೂತುಗಳೂ ಪಕ್ಕದಲ್ಲಿರುತ್ತವೆ, ಅವುಗಳ ಹತ್ತಿರ ಕ್ಲಿಪ್ಪು ಸುಳಿಯಬಾರದು. ಯಾವುದು ಯಾವುದೆಂದು ಅನುಮಾನವಿದ್ದರೆ ಹೋಸನ್ನೇ ಸಿಕ್ಕಿಸಿ ನೋಡಿ. ಮೋಟಾರು ಓಡುವಾಗ ಉಳಿದ ಬಾಯಿಗಳೆಲ್ಲ ಮುಚ್ಚಿರಲಿ, ಯಂತ್ರಕ್ಕೆ ಹತ್ತಿರದ ಬಾಯಿಯಿಂದ ಶುರುಮಾಡಿ ಒಂದೊಂದಕ್ಕೂ ಅಂಗೈ ಒಡ್ಡುತ್ತಾ ದೂರಕ್ಕೆ ಹೋಗಿ. ಎಲ್ಲ ಕಡೆಯೂ ಎಳೆತ ದುರ್ಬಲವಾಗಿದ್ದರೆ ದೋಷ ಫಿಲ್ಟರಿನದೋ ಮೋಟಾರಿನದೋ ಆಗಿರುತ್ತದೆ, ಅದು ಸುಲಭದ ರಿಪೇರಿ. ಒಂದು ಬಾಯಿಯವರೆಗೆ ಚೆನ್ನಾಗಿದ್ದು ಅದರಾಚೆ ಕುಗ್ಗಿದರೆ ಆ ಎರಡರ ನಡುವೆ ಪೈಪು ಕಟ್ಟಿದೆ ಅಥವಾ ಜೋಡಣೆ ಬಿಟ್ಟಿದೆ ಎಂದು ಅರ್ಥ. ಅದನ್ನು ಮುಂದಿಟ್ಟು ಬೆಲೆ ಮಾತಾಡಬಹುದು.

ಮುಂದಿನ ದಿನಗಳು

ಈ ವ್ಯವಸ್ಥೆಯನ್ನು ಬೆಳೆಸಿದ್ದು ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್. ಅಲ್ಲಿಯೂ ಈಗ ಮರದ ಮತ್ತು ಲ್ಯಾಮಿನೇಟ್ ನೆಲಗಳಿಗೆ ಬೇಡಿಕೆಯಿದೆ, ಅಂಥ ನೆಲಕ್ಕೆ ಅಷ್ಟು ಎಳೆತ ಬೇಕಾಗಿಲ್ಲ. ಬ್ಯಾಟರಿಗಳೂ ಸುಧಾರಿಸುತ್ತಿವೆ. ಯುರೋಪಿನ ಒಕ್ಕೂಟ 2017ರ ಸೆಪ್ಟೆಂಬರಿನಿಂದ ಮಾಮೂಲಿ ವ್ಯಾಕ್ಯೂಮ್ ಕ್ಲೀನರುಗಳು 900 ವಾಟನ್ನು ಮೀರಬಾರದೆಂದು ಕಟ್ಟಳೆ ಹಾಕಿದಾಗ ಸೆಂಟ್ರಲ್ ಯಂತ್ರಗಳನ್ನು ಅದರಿಂದ ಹೊರಗಿಟ್ಟಿತ್ತು. ಆ ವಿನಾಯಿತಿ ಎಂದೆಂದಿಗೂ ಇರುತ್ತದೆಂದು ನಂಬಿಕೊಂಡು ಕೂರುವುದು ತರವಲ್ಲ. ಇವೆಲ್ಲವನ್ನೂ ನೋಡಿದರೆ ಸೆಂಟ್ರಲ್ ವ್ಯಾಕ್ಯೂಮ್ ಪ್ರತಿ ಮನೆಯ ವಸ್ತುವಾಗುವ ಕಾಲ ಬರಲಾರದು. ಹಲವು ಮಹಡಿಯ ದೊಡ್ಡ ಮನೆ, ಅಲರ್ಜಿಯಿರುವವರ ಮನೆ, ನಾಯಿ ಬೆಕ್ಕುಗಳಿರುವ ಮನೆಗಳಲ್ಲಿ ಅದು ನಿಲ್ಲುತ್ತದೆ. ಕುತೂಹಲದ ಸಂಗತಿಯೆಂದರೆ ಈಗಿನ ರೋಬೋಟುಗಳು ತಮ್ಮ ನಿಲ್ದಾಣಕ್ಕೆ ಮರಳಿ, ಅಲ್ಲಿನ ದೊಡ್ಡ ಮೋಟಾರಿನಿಂದ ಹೊಟ್ಟೆಯ ಧೂಳನ್ನು ಖಾಲಿ ಮಾಡಿಸಿಕೊಳ್ಳುತ್ತವೆ. ಚಿಕ್ಕದು ತಿರುಗಾಡಬೇಕು, ದೊಡ್ಡದು ಒಂದೆಡೆ ನಿಂತಿರಬೇಕು ಎಂಬ ಅದೇ ಹಳೆಯ ಯೋಚನೆ ಇದು. ಆ ನಿಲ್ದಾಣದ ಹಿಂಬದಿಗೆ ಗೋಡೆಯ ಪೈಪೊಂದು ಸಿಗುವಂತಿದ್ದರೆ ಧೂಳಿನ ಚೀಲವನ್ನು ಕೋಣೆಯಲ್ಲಿ ಬದಲಿಸುವ ಕೆಲಸವೂ ತಪ್ಪುತ್ತದೆ. ಹೊಸ ಮನೆಯಲ್ಲಿ ಪೈಪು ಹಾಕಿಸುವವರು ರೋಬೋಟ್ ನಿಲ್ಲಬಹುದಾದ ಮೂಲೆಯಲ್ಲಿ ಸ್ಕರ್ಟಿಂಗಿನ ಎತ್ತರಕ್ಕೆ ಒಂದು ಬಾಯಿಯನ್ನೂ, ಅದರ ಪಕ್ಕದಲ್ಲಿ ಒಂದು ಪ್ಲಗ್ ಪಾಯಿಂಟನ್ನೂ ಬಿಡಿಸಿಕೊಳ್ಳಲಿ.

ಗಿಲಾವು ಮಾಡುವ ಮುಂಚಿನ ದಿನ ಪ್ರತಿ ಗೋಡೆಯ ಫೋಟೊವನ್ನು, ಅಳತೆಯ ಟೇಪು ನೆಲದಿಂದ ಪೈಪಿನವರೆಗೆ ಹಿಡಿದಿರುವುದು ಕಾಣುವಂತೆ, ತೆಗೆದಿಟ್ಟುಕೊಳ್ಳಿ. ಅದೇ ದಿನ ಎಲ್ಲ ಬಾಯಿಗಳನ್ನೂ ಬಟ್ಟೆಯಿಂದಲ್ಲ, ಟೇಪು ಸುತ್ತಿದ ಗಟ್ಟಿ ಮುಚ್ಚಳದಿಂದ ಮುಚ್ಚಿಸಿ. ಗಾರೆ ಕೆಲಸದವರ ಸಿಮೆಂಟು ಒಳಗೆ ಬಿದ್ದು ಗಟ್ಟಿಯಾದರೆ ಅದನ್ನು ಯಾವ ಮೋಟಾರೂ ಎಳೆಯಲಾರದು.